ಮನೆಯ ಅಪಾಯ: ಹಣೆಬರಹವೋ, ಏರ್ಪಾಡಿನ ದೋಷವೋ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ನಮ್ಮಲ್ಲಿ ಕೇಳದವರಿಲ್ಲ. ಮನೆ ಕಟ್ಟುವುದರ ಕಷ್ಟವನ್ನು ಅದು ಹೇಳುತ್ತದೆಯೇ ಹೊರತು, ಕಟ್ಟಿದ ಮನೆಯಲ್ಲಿ ಮಕ್ಕಳುಮರಿಗಳೊಡನೆ ಕ್ಷೇಮವಾಗಿ ಬಾಳುವುದರ ಕಷ್ಟವನ್ನು ಹೇಳುವುದಿಲ್ಲ. ಬಿಸಿಲು ಮಳೆಗಳಿಂದಲೂ ಕಳ್ಳಕಾಕರಿಂದಲೂ ಕಾಡುಮೃಗಗಳಿಂದಲೂ ರಕ್ಷಣೆ ಪಡೆಯಲೆಂದೇ ಮಾನವನು ಮನೆಯನ್ನು ಕಟ್ಟಿಕೊಂಡನು. ಆದುದರಿಂದ ಮನೆಯೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ನಿರ್ಭಯದ ಭಾವನೆ. ಹೊರಗೆ ಹೋದ ಮಗ ಹಿಂದಿರುಗುವವರೆಗೆ ತಾಯಿಯ ಕಣ್ಣು ಬಾಗಿಲ ಮೇಲೆಯೇ ಇರುತ್ತದೆ. ಅವನು ಹೊಸ್ತಿಲು ದಾಟಿ ಒಳಗೆ ಬಂದನೆಂದರೆ ಆಕೆಯ ಎದೆಯ ಭಾರ ಇಳಿಯುತ್ತದೆ. ಒಳಗೆ ಬಂದವನಿಗೆ ಇನ್ನು ಅಪಾಯವಿಲ್ಲವೆಂಬುದು ಆಕೆಯ ನಂಬಿಕೆ. ನಮ್ಮೆಲ್ಲರ ನಂಬಿಕೆಯೂ ಅದೇ ಆಗಿದೆ.

ಈ ನಂಬಿಕೆ ಎಷ್ಟರಮಟ್ಟಿಗೆ ನಿಜ? ಯಾವುದಾದರೊಂದು ದಿನಪತ್ರಿಕೆಯ ಜಿಲ್ಲಾ ಸುದ್ದಿಯ ಪುಟವನ್ನು ಕೆಲವು ದಿನ ಬಿಡದೆ ಓದಿ ನೋಡಿ. ಅಂಗಳದ ನೀರಿನ ಸಂಪಿಗೆ ಬಿದ್ದ ಮಗು, ಒದ್ದೆ ಬಟ್ಟೆ ಹರವಲು ಹೋಗಿ ತಂತಿಯಲ್ಲಿ ಹರಿದ ವಿದ್ಯುತ್ತಿಗೆ ಬಲಿಯಾದ ಗೃಹಿಣಿ, ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರಿನ ವಿಷಾನಿಲ ಕುಡಿದು ಪ್ರಜ್ಞೆ ತಪ್ಪಿದ ತರುಣ, ಮಳೆಯಲ್ಲಿ ನೆನೆದ ಮಣ್ಣಿನ ಗೋಡೆ ಕುಸಿದು ಮಲಗಿದ್ದಲ್ಲಿಯೇ ಹೂತುಹೋದ ಕುಟುಂಬ—ಇಂಥ ಸುದ್ದಿಗಳು ಎರಡು ಮೂರು ಸಾಲುಗಳಲ್ಲಿ, ಪುಟದ ಮೂಲೆಯಲ್ಲಿ, ಮತ್ತೆ ಮತ್ತೆ ಬರುತ್ತಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸುಟ್ಟಗಾಯಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,80,000 ಜನ ಸಾಯುತ್ತಾರೆ. ಭಾರತವೊಂದರಲ್ಲೇ ವರ್ಷಕ್ಕೆ 10 ಲಕ್ಷಕ್ಕೂ ಮಿಕ್ಕು ಜನ ಸಾಧಾರಣ ಇಲ್ಲವೆ ತೀವ್ರ ಸುಟ್ಟಗಾಯಗಳಿಗೆ ಗುರಿಯಾಗುತ್ತಾರೆ. ಈ ಗಾಯಗಳಾಗುವುದು ಬಹುಮಟ್ಟಿಗೆ ಮನೆಯಲ್ಲಿ ಮತ್ತು ದುಡಿಯುವ ಸ್ಥಳಗಳಲ್ಲಿ. ಮಿಕ್ಕ ಬಗೆಯ ಅಪಘಾತಗಳಲ್ಲಿ ಸಾಯುವವರಲ್ಲಿ ಗಂಡಸರ ಸಂಖ್ಯೆ ಹೆಚ್ಚು. ಬೆಂಕಿಯ ವಿಷಯದಲ್ಲಿ ಮಾತ್ರ ಹೆಂಗಸರದು ಹೆಚ್ಚು. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಒಲೆಯ ಮುಂದೆ ನಿಲ್ಲುವವರು ಯಾರು?

ಇಂಥ ದುರಂತಗಳು ಸಂಭವಿಸಿದಾಗ ನಾವು ಹೇಳುವ ಮಾತುಗಳು ಎರಡೇ ಎರಡು. ಮೊದಲನೆಯದು: "ಹಣೆಬರಹ, ಆಯುಸ್ಸು ಅಷ್ಟೇ ಇತ್ತು." ಎರಡನೆಯದು: "ತಾಯಿಯಾದವಳು ನೋಡಿಕೊಳ್ಳಬಾರದಿತ್ತೇ?" ಮೊದಲನೆಯ ಮಾತು ದೇವರ ಮೇಲೆ ಹೊರೆ ಹೊರಿಸುತ್ತದೆ, ಎರಡನೆಯದು ಮನೆಯ ಹೆಂಗಸಿನ ಮೇಲೆ ಹೊರಿಸುತ್ತದೆ. ಎರಡರಿಂದಲೂ ಆಗುವ ಪರಿಣಾಮ ಒಂದೇ. ಮನೆ ಇದ್ದಂತೆಯೇ ಇರುತ್ತದೆ. ಸಂಪಿನ ಮುಚ್ಚಳ ಸಡಿಲವಾಗಿದ್ದಂತೆಯೇ ಇರುತ್ತದೆ. ತಂತಿ ಕಟ್ಟಿದಲ್ಲಿಯೇ ಇರುತ್ತದೆ. ಅಪಾಯವು ಮತ್ತೊಂದು ದಿನಕ್ಕಾಗಿ ಕಾದು ಕುಳಿತಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಈ ಎರಡು ಮಾತುಗಳೂ ತಪ್ಪು. ಮನೆಯಲ್ಲಿ ನಡೆಯುವ ಅಪಘಾತಗಳಲ್ಲಿ ಬಹುಪಾಲು ಹಣೆಬರಹದಿಂದಲೂ ಆಗುವುದಿಲ್ಲ, ಬರಿಯ ಅಜಾಗರೂಕತೆಯಿಂದಲೂ ಆಗುವುದಿಲ್ಲ. ಅವು ಮನೆಯ ಏರ್ಪಾಡಿನ ದೋಷದಿಂದ ಆಗುತ್ತವೆ. ಯಾವ ವಸ್ತು ಎಲ್ಲಿರಬೇಕು, ಎಷ್ಟು ಎತ್ತರದಲ್ಲಿರಬೇಕು, ಯಾವುದಕ್ಕೆ ಮುಚ್ಚಳವಿರಬೇಕು, ಯಾವ ಕಡೆ ಗಾಳಿ ಆಡಬೇಕು ಎಂಬ ಸಣ್ಣ ಸಣ್ಣ ವಿಷಯಗಳೇ ಜೀವನ್ಮರಣಗಳನ್ನು ನಿರ್ಣಯಿಸುತ್ತವೆ. ಎಚ್ಚರಿಕೆಯೆಂಬುದು ದೊಡ್ಡ ಗುಣವೇ ಸರಿ. ಆದರೆ ಬೆಳಗಿನ ಐದು ಗಂಟೆಗೆ ಎದ್ದು ರಾತ್ರಿ ಹತ್ತು ಗಂಟೆಯವರೆಗೆ ದುಡಿಯುವ ಜೀವವೊಂದು ಎಲ್ಲ ಕ್ಷಣದಲ್ಲಿಯೂ ಎಚ್ಚರವಾಗಿರುವುದು ಮನುಷ್ಯಮಾತ್ರರಿಗೆ ಸಾಧ್ಯವಿಲ್ಲ. ಆಕೆ ಒಂದು ಗಳಿಗೆ ಮೈಮರೆತರೂ ಮನೆ ಮೈಮರೆಯದಂತೆ ಅದನ್ನು ಅಣಿಗೊಳಿಸಬೇಕು.

ನಮ್ಮ ಹಿರಿಯರಿಗೆ ಈ ತತ್ವವು ತಿಳಿದಿರಲಿಲ್ಲವೆಂದು ಭಾವಿಸಬಾರದು. ಬಾವಿಯನ್ನೇ ತೆಗೆದುಕೊಳ್ಳೋಣ. ಅವರು ಬಾವಿಯನ್ನು ತೋಡಿ, "ಮಕ್ಕಳೇ, ಹತ್ತಿರ ಹೋಗಬೇಡಿ" ಎಂದು ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ಅದರ ಸುತ್ತ ಸೊಂಟದೆತ್ತರದ ಕಟ್ಟೆಯನ್ನು ಕಟ್ಟಿದರು. ಹಾಲು ಬೆಣ್ಣೆಗಳನ್ನು ಬೆಕ್ಕಿಗೂ ಮಗುವಿಗೂ ಎಟುಕದಂತೆ ನೆಲುವಿನಲ್ಲಿ ತೂಗುಹಾಕಿದರು. ಹಣತೆಗೆ ಗೋಡೆಯಲ್ಲಿ ಗೂಡನ್ನು ಮಾಡಿದರು. ಗಾಳಿಗೆ ದೀಪ ಆರಲೂ ಇಲ್ಲ, ಸೆರಗಿಗೆ ಉರಿ ತಗಲಲೂ ಇಲ್ಲ. ಇವೆಲ್ಲ ಉಪದೇಶಗಳಲ್ಲ, ಏರ್ಪಾಡುಗಳು. ಉಪದೇಶವನ್ನು ಮಗು ಮರೆಯಬಹುದು, ಕಟ್ಟೆಯನ್ನು ಮರೆಯುವಂತಿಲ್ಲ.

ಇಂದಿನ ಪರಿಸ್ಥಿತಿಯನ್ನು ನೋಡಿ. ಪಟ್ಟಣದ ಪ್ರತಿಯೊಂದು ಹೊಸ ಮನೆಯ ಮುಂದೆ, ಗೇಟಿನ ಒಳಗೆ, ನೆಲದ ಮಟ್ಟಕ್ಕೆ ಒಂದು ಸಂಪು ಇರುತ್ತದೆ. ಸಂಪೆಂದರೇನು? ಕಟ್ಟೆಯಿಲ್ಲದ ಬಾವಿ! ಅದರ ಮೇಲೆ ಒಂದು ತಗಡಿನ ಮುಚ್ಚಳ. ನೀರು ಬರುವ ದಿನ ಅದನ್ನು ಸರಿಸಿ ಇಣುಕಿ ನೋಡುತ್ತಾರೆ. ಅಷ್ಟರಲ್ಲಿ ಒಳಗೆ ಕುಕ್ಕರು ಕೂಗುತ್ತದೆ, ಹೋಗುತ್ತಾರೆ. ಅಂಬೆಗಾಲಿಡುವ ಕೂಸಿಗೆ ಅಂಗಳವೂ ಒಂದೇ, ಸಂಪಿನ ಬಾಯಿಯೂ ಒಂದೇ. ಅಜ್ಜನ ಕಾಲದ ಬಾವಿಗೆ ಕಟ್ಟೆಯಿತ್ತು. ಮೊಮ್ಮಗನ ಕಾಲದ ಸಂಪಿಗೆ ಅದು ಬೇಡವಾಯಿತೇ? ಸಂಪಿನ ಬಾಯಿಯನ್ನು ನೆಲದಿಂದ ಒಂದೂವರೆ ಅಡಿ ಎತ್ತರಿಸಿ ಕಟ್ಟಿ, ಮುಚ್ಚಳಕ್ಕೆ ಕೀಲು ಕೂರಿಸಿ, ಬೀಗ ಹಾಕಿದರೆ ಆಗುವ ಖರ್ಚು ಮನೆಯ ಮುಂಬಾಗಿಲಿನ ಕೆತ್ತನೆಯ ಖರ್ಚಿನ ಒಂದು ಸಣ್ಣ ಅಂಶ. ಬಾಗಿಲಿನ ಕೆತ್ತನೆಯನ್ನು ಬಂದವರೆಲ್ಲ ಮೆಚ್ಚುತ್ತಾರೆ. ಸಂಪಿನ ಬೀಗವನ್ನು ಯಾರೂ ಹೊಗಳುವುದಿಲ್ಲ. ತೊಂದರೆ ಇರುವುದೇ ಇಲ್ಲಿ. ನಾವು ನೋಡುವವರಿಗಾಗಿ ಮನೆ ಕಟ್ಟುತ್ತಿದ್ದೇವೆ, ಬಾಳುವವರಿಗಾಗಿ ಅಲ್ಲ.

ಇನ್ನು ಅಡಿಗೆಮನೆಗೆ ಬರೋಣ. ಸೌದೆಯ ಒಲೆಯ ಕಾಲದಲ್ಲಿ ಅಡಿಗೆಮನೆಯ ಶತ್ರು ಹೊಗೆ. ಹೊಗೆಯ ಸ್ವಭಾವ ಮೇಲಕ್ಕೇರುವುದು. ಆದುದರಿಂದ ಹಿರಿಯರು ಮಾಡಿನಲ್ಲಿ ಬೆಳಕಿಂಡಿಯನ್ನು ಬಿಟ್ಟರು, ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿಯನ್ನು ಇಟ್ಟರು. ಆದರೂ ಹೊಗೆ ಪೂರ್ತಿ ಹೋಗಲಿಲ್ಲ. ಒಲೆಯ ಹೊಗೆಯನ್ನು ಕುಡಿದು ಕೆಮ್ಮುತ್ತಲೇ ಮುದುಕಿಯರಾದ ನಮ್ಮ ತಾಯಂದಿರ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಈ ವಿಷಯದಲ್ಲಿ ನಮ್ಮ ನಾಡೇ ಒಂದು ಒಳ್ಳೆಯ ಪಾಠವನ್ನು ಕಲಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರೂ ಅವರ ಸಂಗಡಿಗರೂ ಹಳ್ಳಿಗಳಿಗೆ ಉಪಯುಕ್ತವಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ವಿಭಾಗವನ್ನು ಪ್ರಾರಂಭಿಸಿದರು. ಅಲ್ಲಿಂದ ಹೊರಬಂದ 'ಅಸ್ತ್ರ ಒಲೆ'ಯು ಬೆಂಕಿಯನ್ನು ಒಲೆಯ ಗೂಡಿನೊಳಗೇ ಕಟ್ಟಿಹಾಕಿ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆಗೆ ಸಾಗಿಸುತ್ತಿತ್ತು. ಸೌದೆಯೂ ಕಡಿಮೆ ಸಾಕಾಗುತ್ತಿತ್ತು. ಅವರು ಹಳ್ಳಿಯ ಹೆಂಗಸರಿಗೆ "ಹೊಗೆ ಕುಡಿಯಬೇಡಿ" ಎಂದು ಭಾಷಣ ಮಾಡಲಿಲ್ಲ. ಒಲೆಯನ್ನೇ ಬದಲಾಯಿಸಿದರು. ಏರ್ಪಾಡೆಂದರೆ ಇದು.

ಈಗ ಸೌದೆಯ ಸ್ಥಾನಕ್ಕೆ ಅಡಿಗೆ ಅನಿಲ ಬಂದಿದೆ. 2016ರ ಮೇ 1ರಂದು ಪ್ರಾರಂಭವಾದ ಉಜ್ವಲ ಯೋಜನೆಯ ಅನಂತರ ಬಡವರ ಗುಡಿಸಲುಗಳಿಗೂ ಸಿಲಿಂಡರು ಪ್ರವೇಶಿಸಿದೆ. ಇದು ಸಂತೋಷದ ಸಂಗತಿ. ಆದರೆ ಹೊಸ ವಸ್ತು ಬಂದಾಗ ಅದರ ಸ್ವಭಾವವನ್ನು ಅರಿತು ಮನೆಯನ್ನು ಮಾರ್ಪಡಿಸಿಕೊಳ್ಳಬೇಕಷ್ಟೆ? ಹೊಗೆ ಮೇಲಕ್ಕೇರುತ್ತದೆ, ಸೋರಿದ ಅನಿಲವಾದರೋ ಗಾಳಿಗಿಂತ ಭಾರವಾದುದರಿಂದ ನೆಲಕ್ಕಿಳಿದು ನೀರಿನಂತೆ ಹರಡಿ ನಿಲ್ಲುತ್ತದೆ. ಆದುದರಿಂದ ಮೇಲಿನ ಕಿಟಕಿಯೊಂದೇ ಇದಕ್ಕೆ ಸಾಲದು. ನೆಲಮಟ್ಟದಲ್ಲಿ ಗಾಳಿ ಹೊರಹೋಗಲು ದಾರಿಯಿರಬೇಕು. ಒಲೆಯು ಕಟ್ಟೆಯ ಮೇಲೆ, ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಸಿಲಿಂಡರು ಸದಾ ನೆಟ್ಟಗೆ ನಿಂತಿರಬೇಕು. ನೆಲದ ಮೇಲೆ ಒಲೆಯಿಟ್ಟು, ಪಕ್ಕದಲ್ಲಿ ಸಿಲಿಂಡರನ್ನಿಟ್ಟು, ಕುಳಿತು ಅಡಿಗೆ ಮಾಡುವ ಪದ್ಧತಿ ಸೌದೆಯ ಒಲೆಗೆ ಒಪ್ಪುತ್ತಿತ್ತು, ಅನಿಲಕ್ಕೆ ಒಪ್ಪುವುದಿಲ್ಲ. ಬಡವರಿಗೆ ಸಿಲಿಂಡರು ಕೊಟ್ಟವರು ಅದರೊಡನೆ ಒಂದು ಕಲ್ಲಿನ ಕಟ್ಟೆಯನ್ನೂ ಕೊಟ್ಟಿದ್ದರೆ ಉಪಕಾರ ಪೂರ್ಣವಾಗುತ್ತಿತ್ತು.

ಒಲೆಗೂ ಸಿಲಿಂಡರಿಗೂ ನಡುವಿನ ರಬ್ಬರು ಕೊಳವೆಯನ್ನು 5 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಸಿಲಿಂಡರನ್ನು ಮತ್ತೆ ಪರೀಕ್ಷಿಸಬೇಕಾದ ಅವಧಿಯನ್ನು ಅದರ ಹಿಡಿಯ ಕೆಳಗಿನ ಪಟ್ಟಿಯ ಮೇಲೆ ಬರೆದಿರುತ್ತಾರೆ. ಎ, ಬಿ, ಸಿ, ಡಿ ಎಂಬ ಅಕ್ಷರಗಳು ವರ್ಷದ ನಾಲ್ಕು ಭಾಗಗಳು. 'ಬಿ-27' ಎಂದಿದ್ದರೆ 2027ರ ಜೂನ್ ತಿಂಗಳ ಕೊನೆಯವರೆಗೆ ಎಂದರ್ಥ. ಸಿಲಿಂಡರು ತರುವ ಹುಡುಗನಿಂದ ಇದನ್ನು ಓದಿಸಿಕೊಂಡು ಇಳಿಸಿಕೊಳ್ಳುವ ಮನೆಗಳು ಎಷ್ಟಿವೆ? ಅನಿಲಕ್ಕೆ ತನ್ನದೇ ಆದ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಒಂದು ದುರ್ವಾಸನೆಯ ದ್ರವ್ಯವನ್ನು ಬೆರೆಸುತ್ತಾರೆ. ಆ ವಾಸನೆ ಮೂಗಿಗೆ ಬಿದ್ದೊಡನೆ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಮನೆಮಂದಿಯೆಲ್ಲ ಹೊರಗೆ ಹೋಗಿ, 1906 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು. ದೀಪದ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ಎರಡರಲ್ಲಿಯೂ ಕಿಡಿ ಹಾರುತ್ತದೆ. ಈ ಮಾತನ್ನು ಮನೆಯ ಗೃಹಿಣಿ ಮಾತ್ರವಲ್ಲ, ಶಾಲೆಗೆ ಹೋಗುವ ಮಗುವೂ ತಿಳಿದಿರಬೇಕು.

ಬಚ್ಚಲುಮನೆಯ ಕಥೆಯೂ ಇಂಥದೇ. ಮಲೆನಾಡಿನ ಹಳೆಯ ಮನೆಗಳಲ್ಲಿ ಹಂಡೆಯ ಒಲೆಗೆ ಉರಿ ಹಾಕುವ ಬಾಯಿ ಎಷ್ಟೋ ಕಡೆ ಬಚ್ಚಲಿನ ಹೊರಗಿರುತ್ತಿತ್ತು. ಉರಿಯೂ ಹೊಗೆಯೂ ಹೊರಗೆ, ಬಿಸಿನೀರು ಮಾತ್ರ ಒಳಗೆ. ಇಂದು ನಾಲ್ಕಡಿ ಆರಡಿಯ ಬಚ್ಚಲಿನಲ್ಲಿ, ಕಿಟಕಿಯನ್ನು ಬಿಗಿಯಾಗಿ ಮುಚ್ಚಿ, ಒಳಗೇ ಗ್ಯಾಸ್ ಗೀಸರನ್ನು ಉರಿಸುತ್ತಾರೆ. ಉರಿಯಲು ಆಮ್ಲಜನಕ ಸಾಲದೆ ಬಂದಾಗ ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸ್ನಾನ ಮಾಡುವವನಿಗೆ ತಲೆ ಸುತ್ತಿದಂತಾಗುವುದೇ ತಡ, ಚಿಲಕ ತೆಗೆಯಲು ಕೈಯಲ್ಲಿ ಶಕ್ತಿಯಿರುವುದಿಲ್ಲ. ಇಂಥ ಶತ್ರುವಿನೆದುರು ಎಚ್ಚರಿಕೆ ಏನು ಮಾಡೀತು? ಕಾಣದುದರಿಂದ, ಮೂಸಲಾಗದುದರಿಂದ ಎಚ್ಚರವಾಗಿರುವುದೆಂತು? ಗೀಸರನ್ನು ಬಚ್ಚಲಿನ ಹೊರಗಿಟ್ಟು ಕೊಳವೆಯೊಂದನ್ನೇ ಒಳಗೆ ತರುವುದು, ಮುಚ್ಚಲಾಗದಂಥ ಗಾಳಿಗಂಡಿಯೊಂದನ್ನು ಬಿಡುವುದು, ಇವೇ ಉಪಾಯಗಳು. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಮಲಗುವವರಿಗೂ ಇದೇ ಅಪಾಯ.

ಬಚ್ಚಲಿನಲ್ಲಿ ಮತ್ತೊಂದು ಶತ್ರುವಿದೆ: ನುಣುಪು. ಹೊಳೆಯುವ ಟೈಲ್ಸು ಗೃಹಪ್ರವೇಶದ ದಿನ ಕಣ್ಣಿಗೆ ಹಬ್ಬ. ಸೋಪಿನ ನೀರು ಬಿದ್ದ ದಿನ ಅಜ್ಜಿಯ ಸೊಂಟಕ್ಕೆ ಮುಳುವು. ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಸಾಯುತ್ತಾರೆಂದರೆ, ಅವರಲ್ಲಿ 60 ವರ್ಷ ದಾಟಿದವರೇ ಹೆಚ್ಚೆಂದರೆ, ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ಒರಟು ನೆಲ, ಗೋಡೆಗೆ ಒಂದು ಹಿಡಿಕೆ, ರಾತ್ರಿ ಹಾಸಿಗೆಯಿಂದ ಬಚ್ಚಲಿನವರೆಗೆ ಒಂದು ಮಂದ ದೀಪ, ಇಷ್ಟು ಸಾಕು. ಮೆಟ್ಟಿಲುಗಳ ವಿಷಯವೂ ಹಾಗೆಯೇ. ವಾಸದ ಮನೆಯ ಮೆಟ್ಟಿಲಿನ ಎತ್ತರ 19 ಸೆಂ.ಮೀ. ಮೀರಬಾರದು, ಕಾಲಿಡುವ ಅಗಲ 25 ಸೆಂ.ಮೀ.ಗಿಂತ ಕಡಿಮೆಯಾಗಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಿವೇಶನದಲ್ಲಿ ಜಾಗ ಉಳಿಸಲೆಂದು ಕಡಿದಾದ ಮೆಟ್ಟಿಲು ಕಟ್ಟಿದವನು ಯಾರ ಎಲುಬನ್ನು ಪಣವಾಗಿಟ್ಟು ಜಾಗ ಉಳಿಸುತ್ತಿದ್ದಾನೆಂದು ಯೋಚಿಸಬೇಡವೇ?

ವಿದ್ಯುಚ್ಛಕ್ತಿಯು ಇನ್ನೂ ಸೂಕ್ಷ್ಮವಾದ ವಿಷಯ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿನ ಕಡ್ಡಿ ಮಿಕ್ಕೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದೇಕೆಂದು ಎಷ್ಟು ಜನ ಕೇಳಿದ್ದೇವೆ? ಅದು ನೆಲಕ್ಕೆ ಸಂಬಂಧ ಕಲ್ಪಿಸುವ ಕಡ್ಡಿ. ಪ್ಲಗ್ಗನ್ನು ಚುಚ್ಚುವಾಗ ಅದು ಎಲ್ಲಕ್ಕಿಂತ ಮೊದಲು ಕೂಡಬೇಕು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎಂದು ಹಾಗೆ ಮಾಡಿದ್ದಾರೆ. ಪ್ಲಗ್ಗು ಕೂರಲಿಲ್ಲವೆಂದು ಆ ಕಡ್ಡಿಯನ್ನೇ ಮುರಿದು ಹಾಕುವ ಬುದ್ಧಿವಂತರು ನಮ್ಮಲ್ಲಿದ್ದಾರೆ! ಮನೆಯ ಮೀಟರಿನ ಬಳಿ ಇರುವ ಎಂ.ಸಿ.ಬಿ.ಯು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ಆರ್.ಸಿ.ಸಿ.ಬಿ. ಎಂಬ ಉಪಕರಣ. ಹೋದ ವಿದ್ಯುತ್ತು ಅಷ್ಟೇ ಹಿಂದಿರುಗಿತೇ ಎಂದು ಅದು ಪ್ರತಿಕ್ಷಣವೂ ಲೆಕ್ಕ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರಿನಷ್ಟು ಕಡಿಮೆಯಾದರೆ, ಅಷ್ಟು ವಿದ್ಯುತ್ತು ಯಾರದೋ ಮೈಯಿಂದ ನೆಲಕ್ಕೆ ಇಳಿಯುತ್ತಿರಬಹುದೆಂದು ಬಗೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕವನ್ನು ಕಡಿದುಹಾಕುತ್ತದೆ. ಅದರ ಮೇಲೆ ಪರೀಕ್ಷೆಯ ಗುಂಡಿಯೊಂದಿರುತ್ತದೆ. ಆಗಾಗ ಒತ್ತಿ ನೋಡಬೇಕು. ಇನ್ನು ಬಟ್ಟೆ ಒಣಹಾಕಲು ಕಬ್ಬಿಣದ ತಂತಿಯನ್ನು ಕಟ್ಟುವ ಪದ್ಧತಿ ನಿಲ್ಲಲೇಬೇಕು. ಮಳೆಗಾಲದಲ್ಲಿ ವಿದ್ಯುತ್ ತಂತಿಯ ಹೊದಿಕೆ ಸವೆದು ಅದಕ್ಕೆ ತಗುಲಿದರೆ, ಒದ್ದೆ ಬಟ್ಟೆ ಹಿಡಿದ ಒದ್ದೆ ಕೈ, ಬರಿಗಾಲು, ಹಸಿ ನೆಲ—ಸಾವಿಗೆ ಬೇಕಾದುದೆಲ್ಲ ಕೂಡಿದಂತೆಯೇ. ತಂತಿಯ ಬದಲು ಒಂದು ನೈಲಾನು ಹಗ್ಗ ಕಟ್ಟಿದರೆ ಈ ಸಾವು ಸಂಭವಿಸುವುದೇ ಇಲ್ಲ. ಒಂದು ಹಗ್ಗದ ಬೆಲೆಗೆ ಒಂದು ಜೀವ!

ವಿಷಪದಾರ್ಥಗಳ ವಿಷಯದಲ್ಲಿ ಅಮೆರಿಕೆಯ ಅನುಭವ ಗಮನಾರ್ಹವಾಗಿದೆ. ಅಲ್ಲಿ ಮಾತ್ರೆಗಳನ್ನು ಸಿಹಿತಿಂಡಿಯೆಂದು ಬಗೆದು ನುಂಗಿ ಸಾಯುವ ಮಕ್ಕಳ ಸಂಖ್ಯೆ ಒಂದು ಕಾಲಕ್ಕೆ ಆತಂಕಕರವಾಗಿತ್ತು. ತಾಯಂದಿರಿಗೆ ಎಚ್ಚರಿಕೆ ಹೇಳಿದ್ದು ಸಾಕಾಗಲಿಲ್ಲ. 1970ರಲ್ಲಿ ಒಂದು ಕಾಯಿದೆಯನ್ನು ಮಾಡಿ, ಅಪಾಯಕರವಾದ ಔಷಧಿಗಳ ಸೀಸೆಗಳಿಗೆ ಮಕ್ಕಳು ತೆರೆಯಲಾಗದಂಥ ಮುಚ್ಚಳವಿರಬೇಕೆಂದು ಕಡ್ಡಾಯ ಮಾಡಿದರು. ಅನಂತರ ಅಂಥ ಸಾವುಗಳು ಬಹಳವಾಗಿ ಇಳಿದವು. ತಾಯಂದಿರು ಮೊದಲಿದ್ದವರೇ, ಮಕ್ಕಳ ಚೇಷ್ಟೆಯೂ ಮೊದಲಿನದೇ. ಬದಲಾದುದು ಮುಚ್ಚಳ ಮಾತ್ರ. ನಮ್ಮಲ್ಲಾದರೋ ಸೀಮೆಎಣ್ಣೆಯನ್ನೂ ಬಚ್ಚಲು ತೊಳೆಯುವ ಆಸಿಡ್ಡನ್ನೂ ಕುಡಿಯುವ ನೀರಿನ ಬಾಟಲಿಯಲ್ಲಿಯೇ ತುಂಬಿಡುವ ಅಭ್ಯಾಸವಿದೆ. ರೈತರ ಮನೆಗಳಲ್ಲಿ ಕೀಟನಾಶಕದ ಡಬ್ಬವು ಭತ್ತದ ಚೀಲದ ಪಕ್ಕದಲ್ಲಿ, ಮಕ್ಕಳು ಆಡುವ ಜಗಲಿಯಲ್ಲಿ ಇರುತ್ತದೆ. ಡಬ್ಬದ ಮೇಲಿನ ತ್ರಿಕೋನದ ಬಣ್ಣವನ್ನು ನೋಡಿ: ಕೆಂಪಾಗಿದ್ದರೆ ಅತ್ಯಂತ ಘೋರ ವಿಷ, ಹಳದಿ, ನೀಲಿ, ಹಸಿರುಗಳಲ್ಲಿ ಕ್ರಮವಾಗಿ ಕಡಿಮೆ. ಯಾವ ಬಣ್ಣವೇ ಆಗಲಿ, ಅದಕ್ಕೆ ಮನೆಯ ಹೊರಗೆ ಬೀಗವಿರುವ ಪೆಟ್ಟಿಗೆಯೇ ತಕ್ಕ ಸ್ಥಳ. ಬೀಗವು ಮಗುವನ್ನು ಕಾಯುವುದಲ್ಲದೆ, ಸಾಲದ ಭಾರದಿಂದಲೋ ಜಗಳದ ಸಿಟ್ಟಿನಿಂದಲೋ ಒಂದು ಗಳಿಗೆ ಬುದ್ಧಿ ಕಳೆದುಕೊಂಡ ದೊಡ್ಡವರನ್ನೂ ಕಾಯುತ್ತದೆ. ಆ ಗಳಿಗೆ ಕಳೆದರೆ ಎಷ್ಟೋ ಜೀವಗಳು ಉಳಿಯುತ್ತವೆ.

ಹಳ್ಳಿಯ ಮನೆಗಳ ಮತ್ತೊಂದು ಭಯ ಹಾವು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಕಟ್ಟುಹಾವು ರಾತ್ರಿ ವೇಳೆ ಮನೆಯೊಳಗೆ ನುಸುಳಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವೂ ಅಷ್ಟಾಗಿ ತಿಳಿಯುವುದಿಲ್ಲ. ಗೋಡೆಗೆ ಆನಿಸಿದ ಸೌದೆಯ ಒಟ್ಟಿಲನ್ನು ದೂರ ಸರಿಸಿದರೆ ಇಲಿ ದೂರವಾಗುತ್ತದೆ. ಇಲಿ ದೂರವಾದರೆ ಹಾವೂ ದೂರ. ಹಾಸಿಗೆಯ ಕೆಳಗೆ ಅಂಚು ಸಿಕ್ಕಿಸಿದ ಸೊಳ್ಳೆಪರದೆಯು ಸೊಳ್ಳೆಗೂ ಹಾವಿಗೂ ಏಕಕಾಲದಲ್ಲಿ ಅಡ್ಡಿ.

ಈಗ ನಾನು ಹೇಳಲೇಬೇಕಾದ, ಆದರೆ ಹೇಳಲು ನೋವಾಗುವ ಮಾತೊಂದಿದೆ. "ಸ್ಟೌ ಸಿಡಿದು ಗೃಹಿಣಿಯ ಸಾವು" ಎಂಬ ತಲೆಬರಹವನ್ನು ನಮ್ಮ ಹಿರಿಯರ ಪೀಳಿಗೆ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿದೆ! ಸ್ಟೌಗಳು ಸೊಸೆಯರ ಕೈಯಲ್ಲೇ ಏಕೆ ಹೆಚ್ಚು ಸಿಡಿಯುತ್ತವೆಂದು ಬಹುಕಾಲ ಯಾರೂ ಕೇಳಲಿಲ್ಲ. ಎಲ್ಲ ದುರ್ಮರಣಗಳನ್ನೂ "ಆಕಸ್ಮಿಕ" ಎಂದು ಕರೆದು ಸುಮ್ಮನಾಗುವ ಸಮಾಜದಲ್ಲಿ ಕೊಲೆಯೂ ಆಕಸ್ಮಿಕದ ಮುಸುಕು ಹಾಕಿಕೊಂಡು ಪಾರಾಗುತ್ತದೆ. ಕೊನೆಗೆ 1986ರಲ್ಲಿ ಭಾರತ ದಂಡ ಸಂಹಿತೆಗೆ 304-ಬಿ ಕಲಮನ್ನು ಸೇರಿಸಿದರು. ಮದುವೆಯಾದ 7 ವರ್ಷಗಳೊಳಗೆ ಹೆಂಗಸು ಸುಟ್ಟಗಾಯಗಳಿಂದಲೋ ಅಸಹಜವಾಗಿಯೋ ಸತ್ತು, ಸಾವಿಗೆ ಮುನ್ನ ವರದಕ್ಷಿಣೆಗಾಗಿ ಹಿಂಸೆಗೊಳಗಾಗಿದ್ದಳೆಂದು ಕಂಡುಬಂದರೆ ಅದನ್ನು ವರದಕ್ಷಿಣೆ ಸಾವೆಂದೇ ಎಣಿಸಬೇಕೆಂದು ಅದು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 80ನೆಯ ಕಲಮಿನಲ್ಲಿಯೂ ಇದು ಮುಂದುವರಿದಿದೆ. 2005ರ ಕೌಟುಂಬಿಕ ಹಿಂಸೆಯ ಕಾಯಿದೆಯು ಹೆಣ್ಣಿಗೆ ತಾನು ಬಾಳಿದ ಮನೆಯಲ್ಲಿ ಇರುವ ಹಕ್ಕನ್ನೂ ಕೊಟ್ಟಿದೆ. ಸಂಪಿಗೆ ಬೀಗ ಹಾಕಿ, ವಿದ್ಯುತ್ತಿಗೆ ಕಾವಲಿಟ್ಟು, ಮನೆಯ ಒಬ್ಬಳು ಮಾತ್ರ ಕೈ ಎತ್ತುವ ಗಂಡನಿಗೋ ಚುಚ್ಚಿ ಮಾತಾಡುವ ಅತ್ತೆಗೋ ಹೆದರಿ ಬದುಕುವಂತಿದ್ದರೆ, ಆ ಮನೆ ಕ್ಷೇಮವಾದ ಮನೆಯೆನಿಸುವುದೇ? ಮನೆಯು ಕ್ಷೇಮವಾಗಿದೆಯೇ ಎಂಬ ಪ್ರಶ್ನೆಯನ್ನು ಮನೆಯ ಯಜಮಾನನಿಗೆ ಕೇಳಬಾರದು. ಆ ಮನೆಯಲ್ಲಿ ಎಲ್ಲರಿಗಿಂತ ದುರ್ಬಲರಾದವರಿಗೆ ಕೇಳಬೇಕು.

ನನ್ನ ಅಭಿಪ್ರಾಯಕ್ಕೆ ಎದುರಾಗಿ ಮೂರು ಆಕ್ಷೇಪಣೆಗಳು ಬರಬಹುದು. "ನಮ್ಮ ಹಿಂದಿನವರು ಇದಾವುದೂ ಇಲ್ಲದೆ ಬದುಕಲಿಲ್ಲವೇ?" ಎಂಬುದು ಮೊದಲನೆಯದು. ಬದುಕಿದವರು ಹಾಗೆ ಹೇಳುತ್ತಾರೆ. ಬದುಕದವರು ಸಾಕ್ಷಿ ಹೇಳಲು ಬರುವುದಿಲ್ಲ. ಅಲ್ಲದೆ ಹಿಂದಿನವರ ಮನೆಯಲ್ಲಿ ಅನಿಲವೂ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಇದ್ದ ಬಾವಿಗೆ ಕಟ್ಟೆಯಿತ್ತು. "ಬಡವರಿಗೆ ಇದೆಲ್ಲ ಸಾಧ್ಯವೇ?" ಎಂಬುದು ಎರಡನೆಯದು. ನಾನು ಹೇಳಿದವುಗಳಲ್ಲಿ ಹಗ್ಗ, ಬೀಗ, ಸೊಳ್ಳೆಪರದೆ, ಸೌದೆಯ ಒಟ್ಟಿಲನ್ನು ಸರಿಸುವುದು—ಇವುಗಳಿಗೆ ಹಣಕ್ಕಿಂತ ಮನಸ್ಸು ಬೇಕು. ಹಣ ಬೇಕಾದಲ್ಲಿ, ನೆನೆದ ಮಣ್ಣಿನ ಗೋಡೆಯಂಥ ವಿಷಯದಲ್ಲಿ, ಕುಸಿದ ಮೇಲೆ ಪರಿಹಾರ ಕೊಡುವ ಸರ್ಕಾರವು ಕುಸಿಯುವ ಮುನ್ನವೇ ದುರಸ್ತಿಗೆ ನೆರವಾಗುವುದು ವಿವೇಕ. "ಬಾಡಿಗೆ ಮನೆಯಲ್ಲಿ ನಾವೇನು ಮಾಡಬಲ್ಲೆವು?" ಎಂಬುದು ಮೂರನೆಯದು. ನಮ್ಮಲ್ಲಿ ಅನೇಕ ವಿದ್ಯಾರ್ಥಿಗಳು ಊರು ಬಿಟ್ಟು ಬಂದು ಬಾಡಿಗೆ ಕೋಣೆಗಳಲ್ಲಿರುವವರು. ತಿಂಗಳುಗಟ್ಟಲೆ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ಮನೆಯ ಒಡೆಯನಿಂದ ಒಂದು ಆರ್.ಸಿ.ಸಿ.ಬಿ.ಯನ್ನೂ ಒಂದು ಗಾಳಿಗಂಡಿಯನ್ನೂ ಕೇಳುವುದು ಭಿಕ್ಷೆಯಲ್ಲ. ಕೋಣೆ ನೋಡಲು ಹೋದಾಗ ಬಾಡಿಗೆ ಎಷ್ಟೆಂದು ಕೇಳುವಂತೆ ಇದನ್ನೂ ಕೇಳುವ ರೂಢಿಯನ್ನು ನಾವೇ ಪ್ರಾರಂಭಿಸಬಹುದು.

ಎಷ್ಟು ಏರ್ಪಾಡು ಮಾಡಿದರೂ ಅಪಘಾತವು ಪೂರ್ತಿಯಾಗಿ ಅಳಿಯದು. ಆಗ ಮಾಡಬೇಕಾದುದನ್ನೂ ತಿಳಿದಿರಬೇಕು. ಸುಟ್ಟ ಜಾಗಕ್ಕೆ ಶಾಯಿ, ಟೂತ್‌ಪೇಸ್ಟು, ದೋಸೆಹಿಟ್ಟು, ಬೆಣ್ಣೆ ಯಾವುದನ್ನೂ ಹಚ್ಚಬಾರದು. ಸುಮಾರು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕು. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು. ಅದು ಶ್ವಾಸಕೋಶಕ್ಕೆ ಹೋದರೆ ಮತ್ತಷ್ಟು ಅಪಾಯ. ವಿದ್ಯುತ್ತು ತಗಲಿದವರನ್ನು ಮುಟ್ಟುವ ಮೊದಲು ಮೈನ್ ಸ್ವಿಚ್ಚನ್ನು ಆರಿಸಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಸಾಗಿಸಬೇಕು. 108 ಮತ್ತು 112 ಎಂಬ ಎರಡು ಸಂಖ್ಯೆಗಳನ್ನು ಅಡಿಗೆಮನೆಯ ಗೋಡೆಯ ಮೇಲೆ, ಅಕ್ಷರ ಬಲ್ಲ ಮಗುವಿನ ಕಣ್ಣಿನ ಎತ್ತರದಲ್ಲಿ ಬರೆದಿಡಬೇಕು.

ಸಹಪಾಠಿಗಳೇ, ಇವನ್ನೆಲ್ಲ ಮಾಡುವವರು ಯಾರು? ಮನೆಯಲ್ಲಿ ಓದಿದವರು ನಾವು. ತಾಯಿಗೆ ಬುದ್ಧಿ ಹೇಳುವುದು ಸುಲಭ. ತಾಯಿಯ ಕೆಲಸದ ಜಾಗವನ್ನು ಸರಿಪಡಿಸುವುದು ನಮ್ಮ ಕರ್ತವ್ಯ. ರಾಷ್ಟ್ರೀಯ ಸೇವಾ ಯೋಜನೆಯು 1969ರಲ್ಲಿ ಪ್ರಾರಂಭವಾದಂದಿನಿಂದ ಕಾಲೇಜಿನ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಚರಂಡಿ ತೆಗೆದಿದ್ದಾರೆ, ರಸ್ತೆ ಹಾಕಿದ್ದಾರೆ, ಗಿಡ ನೆಟ್ಟಿದ್ದಾರೆ. ಮುಂದಿನ ಶಿಬಿರದಲ್ಲಿ ನಾವು ಮನೆಮನೆಗೆ ಹೋಗಿ, ಮನೆಯವರ ಒಪ್ಪಿಗೆ ಪಡೆದು, ಬಟ್ಟೆಯ ತಂತಿ ಬಿಚ್ಚಿ ಹಗ್ಗ ಕಟ್ಟಿಕೊಡೋಣ. ಸಿಲಿಂಡರಿನ ಕೊಳವೆಯ ಮೇಲಿನ ವರ್ಷವನ್ನು ಓದಿ ಹೇಳೋಣ. ಔಷಧಿಯ ಡಬ್ಬಕ್ಕೆ ಬೀಗ ಹಾಕಿಸೋಣ. ನಮ್ಮ ಪೂಜ್ಯ ಅಧ್ಯಾಪಕರು ಇದಕ್ಕೆ ಮಾರ್ಗದರ್ಶನ ಮಾಡುವರೆಂದು ನಂಬಿದ್ದೇನೆ.

ನಮ್ಮ ಮನೆಗಳಲ್ಲಿ ಇದಕ್ಕೆ ಬೇರೆ ದಿನವನ್ನು ಹುಡುಕಬೇಕಾಗಿಯೂ ಇಲ್ಲ. ಆಯುಧಪೂಜೆಯಂದು ಮನೆಯ ಯಂತ್ರಗಳನ್ನೆಲ್ಲ ತೊಳೆದು ಕುಂಕುಮವಿಟ್ಟು ಪೂಜಿಸುತ್ತೇವೆ. ಕುಂಕುಮವಿಡುವ ಮುನ್ನ ಕೊಳವೆ ಬಿರಿದಿದೆಯೇ, ಕುಕ್ಕರಿನ ಸುರಕ್ಷಾ ಕವಾಟ ಸರಿಯಿದೆಯೇ, ಆರ್.ಸಿ.ಸಿ.ಬಿ.ಯ ಗುಂಡಿ ಕೆಲಸ ಮಾಡುತ್ತಿದೆಯೇ ಎಂದು ನೋಡೋಣ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಬೆಳಗಿ ಬಚ್ಚಲನ್ನು ತೊಳೆಯುತ್ತೇವೆ. ಅಂದು ಬಚ್ಚಲಿನ ಗಾಳಿಗಂಡಿ, ಜಾರುವ ನೆಲ, ಸಂಪಿನ ಬೀಗ ಇವನ್ನು ನೋಡೋಣ. ಮನೆಯ ಗಂಡಸರೂ ಹೆಂಗಸರೂ ಮಕ್ಕಳೂ ಕೂಡಿ ನೋಡೋಣ. ಹಬ್ಬದ ಅಡಿಗೆಯ ಹೊರೆ ಹೊತ್ತವಳ ಮೇಲೆ ಈ ಕೆಲಸವನ್ನೂ ಹೊರಿಸದೆ, ಮಿಕ್ಕವರು ಮಾಡಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಅಪಕೀರ್ತಿ ನಮ್ಮ ಪೀಳಿಗೆಗೆ ಬಾರದಿರಲಿ.